ಎರೆ ಮಣ್ಣಿನಲ್ಲಿ ಹಂಗೇರಿಯವನ ಬೂಟು

ಸಿರುಗುಪ್ಪದ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಚಪ್ಪಲಿ ಅಂಗಡಿ ಇದೆ. ಹೋದ ತಿಂಗಳು ಬೀಗರ ಮನೆಯ ಮದುವೆಗೆಂದು ಹೋದವನು ಮಳೆ ಬಂತೆಂದು ಅದರ ಮುಂದೆ ನಿಂತೆ. ಒಳಗೆ ಯಾರೋ ತೊಗಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಎಣ್ಣೆ ಹಚ್ಚಿದ ತೊಗಲು, ಹೊರಗೆ ನೆನೆಯುತ್ತಿದ್ದ ಎರೆ ಮಣ್ಣು, ಎರಡೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಇಂಥ ವಾಸನೆ ಬಂದರೆ ಬಾಲ್ಯವೋ ಅಜ್ಜಿಯೋ ನೆನಪಾಗಿ ಕಣ್ಣು ಒದ್ದೆಯಾಗುತ್ತದಂತೆ. ನನಗೆ ಮೈ ಉರಿಯಿತು. ಅಲ್ಲಿ ನಿಲ್ಲಲಾಗದೆ ಮಳೆಯಲ್ಲೇ ನಡೆದು ಹೋದೆ. ಮದುವೆ ಮನೆಯಲ್ಲಿ ಕೂತು ಹೋಳಿಗೆ ಉಣ್ಣುವಾಗಲೂ ಆ ಹಂಗೇರಿಯವನ ಮುಖವೇ ಕಣ್ಣ ಮುಂದಿತ್ತು.

ಮದ್ರಾಸ್ ಪ್ರಾಂತದಿಂದ ಆಂಧ್ರ ಬೇರೆಯಾಗುವ ವರ್ಷದ ಮಳೆಗಾಲ ಅದು. ಆದೋನಿ ಆ ಕಡೆ, ಬಳ್ಳಾರಿ ಈ ಕಡೆ ಎಂದು ಆಗಲೇ ತೀರ್ಮಾನವಾಗಿತ್ತು. ಆದರೂ ಜನರ ಜಗಳ ತೀರಿರಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚಹಾ ಕುಡಿಯಲು ಕೂತರೆ ಕನ್ನಡದವರು ಒಂದು ಬೆಂಚಿಗೆ, ತೆಲುಗಿನವರು ಒಂದು ಬೆಂಚಿಗೆ. ಮೊನ್ನೆಯವರೆಗೂ ಒಂದೇ ಮಾತಿನಲ್ಲಿ ಎರಡೂ ಭಾಷೆ ಬೆರೆಸಿ ಆಡುತ್ತಿದ್ದ ಜನ ಇವರು. ಬಾಯಿ ತೆರೆದರೆ ಎಲ್ಲಿ ಯಾವ ಭಾಷೆ ಬೀಳುತ್ತದೋ ಎಂದು ಅಳೆದು ತೂಗಿ ಮಾತಾಡತೊಡಗಿದ್ದರು. ಸೆಕೆಯೂ ಆ ವರ್ಷ ಹಾಗೇ ಇತ್ತು. ಮಳೆ ಬಂದು ಹೋದ ಮೇಲೂ ಬಳ್ಳಾರಿಯ ಬೆಟ್ಟದ ಬಂಡೆಗಳು ಸಂಜೆವರೆಗೆ ಬಿಸಿ ಉಗುಳುತ್ತಿದ್ದವು.

ನಾನು ಕುರುಗೋಡಿನವನು. ಬಳ್ಳಾರಿಯಲ್ಲಿ ಪಂಪಣ್ಣ ಸಾಹುಕಾರರ ಹತ್ತಿ ಮಿಲ್ಲಿನಲ್ಲಿ ಬೇಲು ತೂಗಿಸುವ ಕೆಲಸ. ಸಾಹುಕಾರರಿಗೆ ಫುಟ್‌ಬಾಲ್ ಹುಚ್ಚು. ಮಿಲ್ಲಿನ ಹೆಸರಿನಲ್ಲಿ ಒಂದು ಟೀಮು ಕಟ್ಟಿದ್ದರು, ನಾನು ಅದರ ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವವನು ಎಂದರೆ ಜಿಲ್ಲೆಯಲ್ಲಿ ನನ್ನ ಹೆಸರೇ ಮೊದಲು ಬರುತ್ತಿತ್ತು. ಇದು ಜಂಬವಲ್ಲ, ಅಥವಾ ಜಂಬವೇ ಇರಲಿ.

ಪ್ರತಿವರ್ಷ ಮಳೆಗಾಲದ ಕೊನೆಯ ಪಂದ್ಯ ನೋಡಲು ಮದ್ರಾಸಿನ ಒಂದು ಕ್ಲಬ್ಬಿನಿಂದ ಯಾರಾದರೂ ಬರುತ್ತಿದ್ದರು. ಕಣ್ಣಿಗೆ ಬಿದ್ದವನನ್ನು ಕರೆದುಕೊಂಡು ಹೋಗುತ್ತಿದ್ದರು. ಹಿಂದಿನ ವರ್ಷ ಬಂದವನು ನನ್ನ ಬೆನ್ನು ತಟ್ಟಿ, ಬರುವ ವರ್ಷ ನೋಡೋಣ ಎಂದಿದ್ದ. ಬರುವ ವರ್ಷ ಎಂದರೆ ಇದೇ. ಇದು ತಪ್ಪಿದರೆ ಮತ್ತೊಂದು ಇರಲಿಲ್ಲ. ಬಳ್ಳಾರಿ ಮೈಸೂರಿಗೆ ಸೇರಿದ ಮೇಲೆ ಮದ್ರಾಸಿನವರು ನಮ್ಮ ಕಡೆ ಯಾಕೆ ತಿರುಗಿ ನೋಡುತ್ತಾರೆ? ನನ್ನ ಜೀವವೆಲ್ಲ ಆ ಒಂದು ಪಂದ್ಯದ ಮೇಲೆ ನಿಂತಿತ್ತು.

ಇಂಥ ಹೊತ್ತಿನಲ್ಲಿ ಸಾಹುಕಾರರು ಹತ್ತಿ ಮಾರಲು ಬೊಂಬಾಯಿಗೆ ಹೋದವರು ಅವನನ್ನು ಹಿಡಿದುಕೊಂಡು ಬಂದರು. ಹೆಸರು ಲಾಯೋಷ್. ಹಂಗೇರಿ ದೇಶದವನು, ಅಲ್ಲಿ ದುಡ್ಡು ಕೊಟ್ಟು ಆಡಿಸುವ ದೊಡ್ಡ ಕ್ಲಬ್ಬಿನಲ್ಲಿ ಫಾರ್ವರ್ಡ್ ಆಗಿದ್ದವನು. ಯುದ್ಧದ ನಂತರ ಹಡಗು ಹತ್ತಿ ಬಂದು ಬೊಂಬಾಯಿಯಲ್ಲಿ ಆಡುತ್ತಿದ್ದ. ಮೊಣಕಾಲು ಕೆಟ್ಟ ಮೇಲೆ ಅಲ್ಲಿಯ ಕ್ಲಬ್ಬಿನವರು ಬಿಟ್ಟುಬಿಟ್ಟಿದ್ದರು. ಸಾಹುಕಾರರಿಗೆ ಅದೆಲ್ಲ ಬೇಕಿರಲಿಲ್ಲ. ಬಿಳಿಯ, ಫುಟ್‌ಬಾಲ್ ಬಲ್ಲವ, ಇಷ್ಟೇ ಸಾಕು.

"ಇನ್ನ ಮ್ಯಾಲೆ ಇವರು ಹೇಳಿದಂಗ ನಡೀಬೇಕು. ಆದೋನಿಯವರು ಈ ಸಲ ಬಾಯಿ ಮುಚ್ಚಬೇಕು, ನೋಡ್ರಿ" ಎಂದರು ಸಾಹುಕಾರರು.

ಲಾಯೋಷ್ ನಮ್ಮ ಬಾಯಲ್ಲಿ ಎರಡೇ ದಿನಕ್ಕೆ ಲಾಯಿಸಾಬ ಆದ. ಕೆಂಪು ಕತ್ತು, ಬೋಳಾಗುತ್ತಿದ್ದ ತಲೆ, ನಗದ ಬಾಯಿ. ಬೊಂಬಾಯಿಯ ಹರಕು ಹಿಂದೂಸ್ತಾನಿಯಲ್ಲಿ ಶುರುಮಾಡಿ, ನಮ್ಮವರ ಜೊತೆ ಬೆರೆತು ಒಂದಿಷ್ಟು ಮುರುಕು ಕನ್ನಡ ಕಲಿತ. ಬೈಗುಳ ಮಾತ್ರ ತೆಲುಗಿನಲ್ಲಿ ಮೊದಲು ಕಲಿತ. ಅದಕ್ಕೆ ನಮ್ಮ ಗೋಲ್‌ಕೀಪರ್ ನರಸಿಂಹುಲು ಕಾರಣ. ನರಸಿಂಹುಲು ಕೌಲ್ ಬಜಾರಿನವನು, ಮನೆಮಾತು ತೆಲುಗು, ನನಗೆ ಅಣ್ಣತಮ್ಮನ ಹಾಗೆ.

ಮೊದಲ ದಿನವೇ ಲಾಯೋಷ್ ನಮ್ಮ ಪಾದಗಳನ್ನು ನೋಡಿ ಮುಖ ಸಿಂಡರಿಸಿದ. ಆಗ ನಾವೆಲ್ಲ ಬರಿಗಾಲಲ್ಲೇ ಆಡುತ್ತಿದ್ದೆವು. ಹೆಬ್ಬೆರಳಿಗೆ ಒಂದು ತುಂಡು ಬಟ್ಟೆ ಬಿಗಿದರೆ ಮುಗಿಯಿತು. ಚೆಂಡು ಕಾಲಿಗೆ ತಾಗಿದ ಕೂಡಲೇ ಅದು ಎತ್ತ ಹೋಗಬೇಕು, ಎಷ್ಟು ಹೋಗಬೇಕು ಎಂದು ಪಾದಕ್ಕೇ ತಿಳಿಯುತ್ತಿತ್ತು. ಅವನು ಮಿಲ್ಲಿನ ಅಂಗಳದಲ್ಲಿ ಬೂಟುಗಳನ್ನು ತಂದು ಸುರಿದ. ಅಟ್ಟೆಯ ಅಡಿಗೆ ಗುಂಡಿಯಂಥ ಗುಬ್ಬಿ ಹೊಡೆದ, ಕಲ್ಲಿನಂಥ ಬೂಟುಗಳು.

"ಬೂಟ್ ಇಲ್ಲ, ಮದ್ರಾಸ್ ಇಲ್ಲ" ಎಂದ ನನ್ನ ಕಡೆ ಬೆರಳು ಮಾಡಿ. ನನ್ನ ಆಸೆ ಏನೆಂದು ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ಆ ಒಂದು ಮಾತಿಗೆ ನಾನು ಬಾಯಿ ಮುಚ್ಚಿಕೊಂಡು ಕಾಲು ಒಳಗೆ ತುರುಕಿದೆ.

ಹಿಮ್ಮಡಿ ಸುಲಿಯಿತು. ಬೆರಳುಗಳ ಮೇಲೆ ಬೊಕ್ಕೆ ಎದ್ದು, ಒಡೆದು, ಮತ್ತೆ ಎದ್ದವು. ಸಂಜೆ ಬೂಟಿಗೆ ಹರಳೆಣ್ಣೆ ಹಚ್ಚಿ ಮೆತ್ತಗೆ ಮಾಡುವುದು, ಬೆಳಿಗ್ಗೆ ಅದೇ ಎಣ್ಣೆಯನ್ನು ಹುಣ್ಣಿಗೆ ಹಚ್ಚಿಕೊಳ್ಳುವುದು. ರಜೆಯಲ್ಲಿ ಊರಿಗೆ ಹೋದಾಗ ಅವ್ವ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಆ ಸುಡುಗಾಡು ಜೋಡು ಹೊರಗ ಇಟ್ಟು ಬಾ. ಹೊಲದಾಗ ದುಡಿಯೋರಿಗೆ ಇಲ್ಲದ ಬೂಟು ಆಟ ಆಡೋನಿಗೆ ಯಾಕ ಬೇಕಪ್ಪ?"

"ಮದ್ರಾಸಿಗೆ ಹೋಗಾಕ ಬೇಕಬೇ" ಎಂದೆ.

"ಬೂಟು ಹಾಕ್ಕೊಳ್ಳಲಿಲ್ಲಂದ್ರ ಬಸ್ಸಿನವ ಟಿಕೀಟು ಕೊಡಂಗಿಲ್ಲೇನು?" ಎಂದಳು ಅವ್ವ. ನನಗೆ ನಗು ಬರಲಿಲ್ಲ.

ಬೂಟಾದರೂ ಹೋಗಲಿ ಎಂದು ಸಹಿಸಿದೆ. ಅವನ ಮಾತು ಸಹಿಸುವುದು ಕಷ್ಟವಾಗಿತ್ತು. ನಾನು ಗೋಲು ಹೊಡೆದರೆ ತಲೆ ಅಲ್ಲಾಡಿಸುತ್ತಿದ್ದ. ಚೆಂಡು ನಿನ್ನ ಹತ್ತಿರ ಬಂತು, ನೀನು ಒದ್ದೆ, ಅದರಲ್ಲಿ ಏನಿದೆ ಎಂಬಂತೆ. ಫಾರ್ವರ್ಡ್ ಆದವನು ಚೆಂಡು ಬರುವ ಮೊದಲೇ ಎಲ್ಲಿ ನಿಲ್ಲಬೇಕು ಎಂದು ತಿಳಿದಿರಬೇಕು, ನೀನು ಚೆಂಡಿನ ಹಿಂದೆ ಓಡುವ ಕರು ಎಂದು ಎಲ್ಲರ ಮುಂದೆ ಹೇಳಿದ. ತಾನೂ ನಮ್ಮ ಜೊತೆ ಆಡಲು ಇಳಿಯುತ್ತಿದ್ದ, ಆದರೆ ಓಡುತ್ತಲೇ ಇರಲಿಲ್ಲ. ಕೆಟ್ಟ ಮೊಣಕಾಲು ಎಳೆಯುತ್ತ, ಸಾವಕಾಶವಾಗಿ ಒಂದು ಜಾಗದಲ್ಲಿ ಹೋಗಿ ನಿಲ್ಲುತ್ತಿದ್ದ. ಸಿಟ್ಟು ಬರುವ ಸಂಗತಿ ಎಂದರೆ ಚೆಂಡು ಅಲ್ಲಿಗೇ ಬರುತ್ತಿತ್ತು.

ಕುರುಗೋಡಿನಲ್ಲಿ ಒಂದು ಪಂದ್ಯ ಇತ್ತು. ದೊಡ್ಡ ಬಸವಣ್ಣನ ಗುಡಿಯಿಂದ ಸ್ವಲ್ಪ ಆಚೆ ಬಯಲಿನಲ್ಲಿ. ನನ್ನ ಊರು, ನನ್ನ ಜನ. ಬಾದನಹಟ್ಟಿಯಿಂದ ಸೋದರಮಾವ ಗಾಡಿ ಕಟ್ಟಿಕೊಂಡು ಬಂದಿದ್ದ. ಅವ್ವ ಓಣಿಯ ಹೆಂಗಸರನ್ನೆಲ್ಲ ಕರೆತಂದು ಬೇವಿನ ಮರದ ಕೆಳಗೆ ಕೂತಿದ್ದಳು. ಇನ್ನೇನು ಇಳಿಯಬೇಕು, ಲಾಯೋಷ್ ಬಂದು ನನ್ನನ್ನು ಎಡಗಡೆಯ ಅಂಚಿಗೆ ಕಳಿಸಿ, ತಾನು ನಡುವೆ ನಿಂತ. ಅಂಚಿನಲ್ಲಿ ನಿಂತು ಚೆಂಡು ತಂದು ತನಗೆ ಕೊಡುವುದು ನನ್ನ ಕೆಲಸವಂತೆ. ಅವನು ಗೋಲು ಹೊಡೆದ. ನಮ್ಮೂರ ಜನ ಅವನಿಗೆ ಚಪ್ಪಾಳೆ ತಟ್ಟಿದರು. ಊರಲ್ಲಿ ಅಷ್ಟು ಚಪ್ಪಾಳೆ ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

ಪಂದ್ಯ ಮುಗಿದ ಮೇಲೆ ಅವ್ವ ಕೇಳಿದಳು, "ಆ ಕೆಂಪು ಮನಷ್ಯಾಗ ನೀನು ಚೆಂಡು ಕೊಡ್ತಿದ್ದಿ, ಆತು. ಅವ ಒಂದು ಸಲನೂ ನಿನಗ ಕೊಡಲಿಲ್ಲಲ್ಲೋ, ಯಾಕ?"

ನಾನು ಅಲ್ಲಿಂದಲೇ ಬಳ್ಳಾರಿ ಬಸ್ಸು ಹತ್ತಿದೆ.

ಅವನ ಚರಿತ್ರೆ ನಮಗೆ ತಿಳಿದದ್ದು ಒಂದು ಮಳೆಯ ದಿನ. ಅಭ್ಯಾಸ ಮಾಡಲು ಆಗದೆ ಮಿಲ್ಲಿನ ಗೋದಾಮಿನಲ್ಲಿ ಹತ್ತಿ ಬೇಲಿನ ಮೇಲೆ ಕೂತಿದ್ದೆವು. ನರಸಿಂಹುಲು ಕೆದಕಿ ಕೆದಕಿ ಕೇಳಿದ. ನಾನು ಬೀಡಿ ಸೇದುತ್ತ ಬೇರೆ ಕಡೆ ನೋಡುತ್ತಿದ್ದೆ, ಆದರೆ ಕಿವಿ ಅಲ್ಲೇ ಇತ್ತು. ಇಟ್ಟಿಗೆ ಭಟ್ಟಿಯ ಬಯಲಿನಲ್ಲಿ ಬಟ್ಟೆಯ ಚೆಂಡು ಒದೆಯುತ್ತ ಬೆಳೆದನಂತೆ. ಮೀಸೆ ಮೂಡುವ ಮೊದಲೇ ಬುಡಾಪೆಸ್ಟ್ ಎಂಬ ಪಟ್ಟಣದ ಕ್ಲಬ್ಬಿಗೆ ಸೇರಿದ. ಗೋಲು ಹೊಡೆದರೆ ಸಾವಿರಾರು ಜನ ಟೊಪ್ಪಿಗೆ ಎಸೆಯುತ್ತಿದ್ದರು, ಪೇಪರಿನಲ್ಲಿ ಚಿತ್ರ ಬರುತ್ತಿತ್ತು. ಆಮೇಲೆ ಯುದ್ಧ. ಕೋವಿ ಕೊಟ್ಟು ರಷ್ಯಾದ ಹಿಮಕ್ಕೆ ಕಳಿಸಿದರು. ಅಲ್ಲಿಂದ ಬದುಕಿ ಬಂದು, ಸೆರೆ ಶಿಬಿರದಲ್ಲಿ ಸಿಕ್ಕು, ಇಟಲಿ ಸೇರಿ, ಸಣ್ಣ ಸಣ್ಣ ಊರುಗಳ ಟೀಮಿಗೆ ಆಡಿದ. ಎಲ್ಲಿ ಹೋದರೂ ಒಂದೇ ಕತೆ.

"ಗೋಲ್ ಹೊಡಿ, ರೋಟಿ ತಿನ್ನು. ಗೋಲ್ ಇಲ್ಲ, ಹೋಗು ಅಂತಾರ" ಎಂದ.

"ನಿಮ್ಮ ಊರಿಗೆ ಹೋಗಬಾರದೇನ್ರಿ?" ಎಂದು ನರಸಿಂಹುಲು ಕೇಳಿದ.

ಲಾಯೋಷ್ ನೆಲದ ಧೂಳಿನಲ್ಲಿ ಬೆರಳಿನಿಂದ ಒಂದು ವೃತ್ತ ಬರೆದ. ಅದರ ಸುತ್ತ ಕಚಕಚ ಗೆರೆ ಎಳೆದು ಅಂಚುಗಳನ್ನೆಲ್ಲ ಕತ್ತರಿಸಿದ. ಅವನು ಮಗುವಾಗಿದ್ದಾಗಲೇ ಅವರ ದೇಶವನ್ನು ಹೀಗೆ ಕೊಯ್ದು ಅಕ್ಕಪಕ್ಕದವರಿಗೆ ಹಂಚಿದ್ದರಂತೆ. ಹುಟ್ಟಿದ ಊರು ಬೇರೆ ದೇಶಕ್ಕೆ ಹೋಯಿತು, ಆಡಿದ ಪಟ್ಟಣದಲ್ಲಿ ಈಗ ಇರುವ ಸರಕಾರ ಅವನನ್ನು ಕಂಡರೆ ಜೈಲಿಗೆ ಹಾಕುತ್ತದೆ. ನಮ್ಮ ಬಳ್ಳಾರಿಯ ಜಗಳ ಕೇಳಿದರೆ ಅವನಿಗೆ ತಮಾಷೆ ಎನಿಸುತ್ತದೆ ಎಂದ. ನನಗೆ ಆ ಮಾತು ಹಿಡಿಸಲಿಲ್ಲ. ಕೂಳು ಹಾಕಿದ ಊರಿನ ಸಂಕಟ ಇವನಿಗೆ ತಮಾಷೆಯೇ ಎಂದುಕೊಂಡೆ.

ಒಂದು ಸಂಗತಿ ಮಾತ್ರ ಹೇಳದಿದ್ದರೆ ಸುಳ್ಳಾಗುತ್ತದೆ. ಆಗಸ್ಟಿನಲ್ಲಿ ಒಂದು ಪಂದ್ಯದಲ್ಲಿ ನರಸಿಂಹುಲುವಿನ ಕೈ ಜಾರಿ ಗೋಲಾಯಿತು. ನೋಡಲು ಬಂದಿದ್ದ ನಮ್ಮವರೇ, ತೆಲುಗಿನವ ಬೇಕೆಂದೇ ಬಿಟ್ಟ ಎಂದು ಕೂಗಿ ಮಣ್ಣುಹೆಂಟೆ ಎಸೆದರು. ನಾವೆಲ್ಲ ಸುಮ್ಮನೆ ನಿಂತೆವು. ಲಾಯೋಷ್ ಮೂಲೆಯಲ್ಲಿ ನೆಟ್ಟ ಬಾವುಟದ ಬಿದಿರು ಕಿತ್ತುಕೊಂಡು, ಕುಂಟುತ್ತಲೇ ಅವರನ್ನು ಅಟ್ಟಿಸಿಕೊಂಡು ಹೋದ. ಅಷ್ಟು ಬೈಗುಳ, ಅದೂ ತೆಲುಗಿನಲ್ಲಿ, ಒಬ್ಬ ಬಿಳಿಯನ ಬಾಯಲ್ಲಿ ಕೇಳಿ ಜನ ಚೆದುರಿದರು. ಆ ದಿನ ಸಂಜೆ ನರಸಿಂಹುಲು, "ನಮ್ಮ ಟೀಮಿನ್ಯಾಗ ಗಂಡಸು ಅಂದ್ರ ಆ ಪರದೇಶಿ ಒಬ್ಬನ ಲೇ" ಎಂದ. ನನ್ನನ್ನು ನೋಡಿಯೇ ಹೇಳಿದ.

ಕೊನೆಯ ಪಂದ್ಯ ಸಿರುಗುಪ್ಪದಲ್ಲಿ ಆದೋನಿಯವರ ಮೇಲೆ. ಬಳ್ಳಾರಿಯಲ್ಲಿ ಇಟ್ಟರೆ ಹೊಡೆದಾಟವಾಗುತ್ತದೆ ಎಂದು ಅಧಿಕಾರಿಗಳು ಅಲ್ಲಿಗೆ ಹಾಕಿದ್ದರು. ಆದರೆ ಎರಡೂ ಕಡೆಯವರು ಲಾರಿ ಲಾರಿ ಬಂದಿಳಿದರು. ಕರೂರಿನ ಕಡೆಯ ಗದ್ದೆ ಕೆಲಸದವರೂ ನಾಟಿ ಬಿಟ್ಟು ಬಂದಿದ್ದರು. ಮದ್ರಾಸಿನವನು ಬಂದಿದ್ದ, ಕೊಡೆ ಹಿಡಿದು ಸಾಹುಕಾರರ ಪಕ್ಕದಲ್ಲಿ ಕೂತಿದ್ದ. ಬೆಳಗಿನಿಂದ ಜಡಿಮಳೆ ಹೊಡೆದು ಆಗಷ್ಟೇ ನಿಂತಿತ್ತು.

ಎರೆ ಮಣ್ಣು ಗೊತ್ತಿಲ್ಲದವರಿಗೆ ಒಂದು ಮಾತು. ಒಣಗಿದಾಗ ಬಿರುಕು ಬಿಡುವ ಈ ಮಣ್ಣು ನೆನೆದರೆ ಅಂಟಿನ ಹಾಗೆ ಹಿಡಿಯುತ್ತದೆ. ಮಳೆಯಾದ ಮೇಲೆ ಹೊಲಕ್ಕೆ ಇಳಿಯುವಾಗ ಎಂಥ ಗೌಡನಾದರೂ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿಯುತ್ತಾನೆ. ನಮ್ಮ ಕಡೆ ಕೂಸುಗಳಿಗೂ ಇದು ಗೊತ್ತು. ಸಾಹುಕಾರರಿಗೂ ಗೊತ್ತಿತ್ತು. ಆದರೆ ಬಿಳಿಯ ಗುರು ಹೇಳಿದ ಮೇಲೆ ಅವರು ತುಟಿ ಬಿಚ್ಚುವವರಲ್ಲ. ನಾವು ಹನ್ನೊಂದು ಜನ ಬೂಟು ಬಿಗಿದುಕೊಂಡು ಇಳಿದೆವು. ಆದೋನಿಯವರು ಬರಿಗಾಲಲ್ಲಿ ನಗುತ್ತ ನಿಂತಿದ್ದರು.

ಸ್ವಲ್ಪ ಹೊತ್ತಿಗೇ ಒಂದೊಂದು ಬೂಟೂ ಮಣ್ಣು ಕಚ್ಚಿ ಬೀಸುಕಲ್ಲಿನ ತೂಕವಾಯಿತು. ಕಾಲು ಎತ್ತಿದರೆ ಬರುತ್ತಿರಲಿಲ್ಲ. ಅವರು ನಮ್ಮ ಸುತ್ತ ಕುಣಿದರು. ನರಸಿಂಹುಲು ಒಬ್ಬನೇ ಮಣ್ಣಿನಲ್ಲಿ ಉರುಳಿ ಉರುಳಿ ಗೋಲು ಉಳಿಸಿದ. ಅವನ ಜಾತಿ ಭಾಷೆ ಎತ್ತಿ ಆ ಕಡೆಯವರೂ ಬೈದರು, ಈ ಕಡೆಯವರೂ ಬೈದರು. ಹೀಗೇ ಅರ್ಧ ಆಟ ಗೋಲಿಲ್ಲದೆ ಮುಗಿಯಿತು.

ವಿರಾಮದಲ್ಲಿ ನಾನು ಕೂತು ಬೂಟು ಬಿಚ್ಚಿದೆ. ಲಾಯೋಷ್ ಬಂದು ಮುಂದೆ ನಿಂತ.

"ಹಾಕು" ಎಂದ.

"ಹಾಕಂಗಿಲ್ಲ. ಬೇಕಂದ್ರ ಹೊರಗ ಕುಂದ್ರಸ್ರಿ."

ನರಸಿಂಹುಲು ತಾನೂ ಬಿಚ್ಚಿ ಪಕ್ಕಕ್ಕೆ ಎಸೆದ. ಉಳಿದವರೂ ಬಿಚ್ಚಿದರು. ಲಾಯೋಷ್ ತಾನೊಬ್ಬನೇ ಬೂಟು ಹಾಕಿಕೊಂಡು ಮತ್ತೆ ನಡುವೆ ಹೋಗಿ ನಿಂತ. ನಮ್ಮ ಕಾಲಿಗೆ ಜೀವ ಬಂದಿತ್ತು, ಆಟ ಸಮಕ್ಕೆ ಬಂತು. ಅವನು ಮಾತ್ರ ನೆಟ್ಟ ಗೂಟದ ಹಾಗೆ ನಿಂತಲ್ಲೇ ಹೂತುಹೋಗುತ್ತಿದ್ದ. ಜನ ಅವನನ್ನು ಹೊರಗೆ ತಳ್ಳಿ ಎಂದು ಕೂಗಿದರು. ಕೊನೆಗೆ ಅವನು ಅಂಚಿಗೆ ಬಂದು ಕೂತು, ಹುರಿ ಕೊಯ್ದು ಬೂಟು ಕಿತ್ತ. ಆಮೇಲೆ ಕಾಲುಚೀಲ ಎಳೆದ.

ಅವನ ಪಾದ ನಾವು ಯಾರೂ ನೋಡಿರಲಿಲ್ಲ. ಬಲಗಾಲಿನಲ್ಲಿ ಹೆಬ್ಬೆರಳು ಬಿಟ್ಟರೆ ಬೆರಳುಗಳೇ ಇರಲಿಲ್ಲ. ಬೂಟಿನ ತುದಿಯಿಂದ ಅರಿವೆಯ ಉಂಡೆ ಉರುಳಿ ಮಣ್ಣಿಗೆ ಬಿತ್ತು. ರಷ್ಯಾದ ಹಿಮ ತಿಂದದ್ದು ಅದು. ಆದೋನಿಯ ಕಡೆ ಒಬ್ಬ ನಕ್ಕ, ಹಿಂದೆಯೇ ನಮ್ಮ ಕಡೆಯವರೂ ನಕ್ಕರು.

ನಾನು ನಗಲಿಲ್ಲ. ನನಗೆ ಅಯ್ಯೋ ಎಂದೂ ಅನ್ನಿಸಲಿಲ್ಲ. ನನಗೆ ಬಂದದ್ದು ಸಿಟ್ಟು. ನೆಟ್ಟಗೆ ಕಾಲಿರುವ ಹತ್ತು ಜನರ ಹಿಮ್ಮಡಿ ಸುಲಿಸಿದ್ದು ಇದಕ್ಕೆ. ತನಗೆ ಬೂಟಿಲ್ಲದೆ ಆಗುವುದಿಲ್ಲ ಎಂದು ಮದ್ರಾಸಿನ ಹೆಸರು ಹೇಳಿ ನಮಗೂ ಹಾಕಿಸಿದ. ಮುಂದೆ ಎಲ್ಲರೂ ಬೂಟು ಹಾಕಲೇಬೇಕಾಯಿತು, ಅವನು ಹೇಳಿದ್ದು ಸರಿಯೇ ಇತ್ತು ಎಂದು ಈಗಿನವರು ನನಗೆ ತಿಳಿಹೇಳುತ್ತಾರೆ. ಸರಿ ಇರಲಿ. ಸಿರುಗುಪ್ಪದ ಎರೆ ಮಣ್ಣಿನಲ್ಲಿ ಅದು ತಪ್ಪು.

ಅವನು ಎದ್ದು, ಒಂದು ಪಾದ ಊರಿ ಒಂದು ಪಾದ ಎಳೆದು ಒಳಗೆ ಬಂದ. ಮತ್ತೆ ಸಾವಕಾಶವಾಗಿ ಒಂದು ಜಾಗಕ್ಕೆ ಹೋಗಿ ನಿಂತ. ಕತ್ತಲಾಗುವ ಹೊತ್ತು, ಮೋಡ ಮತ್ತೆ ಕವಿದಿತ್ತು. ನರಸಿಂಹುಲು ಚೆಂಡು ಹಿಡಿದು ಬಲವಾಗಿ ಒದ್ದ. ಅದು ಎಲ್ಲರ ತಲೆ ದಾಟಿ ಸರಿಯಾಗಿ ಅವನ ಮುಂದೆ ಬಿತ್ತು. ಅಡ್ಡ ಬಂದ ಒಬ್ಬನನ್ನು ಭುಜದಿಂದ ಸರಿಸಿ ಮುಂದೆ ಹೋದ. ನಾನು ಎಡಗಡೆಯಿಂದ ಓಡಿ ಬಂದು ನಿಂತೆ. ಕಲಿಸಿದ್ದನಲ್ಲ, ಚೆಂಡು ಬರುವ ಮೊದಲೇ ಜಾಗ ಹಿಡಿಯಬೇಕೆಂದು. ಹಿಡಿದಿದ್ದೆ. ಅವರ ಕೀಪರ್ ಅವನ ಕಡೆ ನುಗ್ಗಿದ್ದ. ನನ್ನ ಮುಂದೆ ಇಡೀ ಗೋಲು ಬರಿದಾಗಿತ್ತು, ಮದ್ರಾಸಿನವನ ಕೊಡೆ ಅದರ ಹಿಂದೆಯೇ ಕಾಣುತ್ತಿತ್ತು. "ಲಾಯಿಸಾಬ್" ಎಂದು ಕೂಗಿದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ.

ನೋಡಿ, ಆ ಮುರುಕು ಪಾದದಿಂದ ತಾನೇ ತಳ್ಳಿದ. ಚೆಂಡು ಕೀಪರನ ಪಕ್ಕದಿಂದ ಹೊರಟು, ಕೆಸರಿನಲ್ಲಿ ಎಮ್ಮೆ ನಡೆದ ಹಾಗೆ ನಿಧಾನಕ್ಕೆ ಹೋಗಿ ಗೆರೆ ದಾಟಿತು.

ಗೆದ್ದೆವು. ನಕ್ಕ ಜನವೇ ಅವನನ್ನು ಹೆಗಲ ಮೇಲೆ ಹೊತ್ತರು. ಬಳ್ಳಾರಿ ನಮ್ಮದು ಎಂದು ಅವನ ಬಾಯಲ್ಲಿ ಹೇಳಿಸಿದರು. ಮದ್ರಾಸಿನವನು ಆ ಸಲ ಆಟಗಾರನನ್ನು ಆರಿಸಲಿಲ್ಲ. ಅಂಥ ಕಾಲಿನಲ್ಲಿ ಅಂಥ ಗೋಲು ಹೊಡೆದವನು ತಮ್ಮ ಕ್ಲಬ್ಬಿಗೆ ಗುರುವಾಗಿ ಬರಲಿ ಎಂದು ಲಾಯೋಷನನ್ನೇ ಕೇಳಿದ. ನನ್ನ ಬೆನ್ನು ತಟ್ಟಿ, ಚೆನ್ನಾಗಿ ಓಡುತ್ತೀ ಎಂದ. ನರಸಿಂಹುಲುವಿನ ಮನೆಯವರು ಅದೇ ತಿಂಗಳು ಗುಂತಕಲ್ಲಿಗೆ ಗಂಟು ಕಟ್ಟಿದರು. ಅವನ ಅಣ್ಣನಿಗೆ ಈ ಊರಿನಲ್ಲಿ ಇರುವುದು ಸಾಕಾಗಿತ್ತು. ನರಸಿಂಹುಲು ಉಳಿಸಿದ ಗೋಲುಗಳ ಮಾತು ಯಾರೂ ಎತ್ತಲಿಲ್ಲ.

ಲಾಯೋಷ್ ಹೊರಡುವ ದಿನ ಬೆಳಿಗ್ಗೆ ನಾನು ಬಳ್ಳಾರಿ ಸ್ಟೇಷನ್ನಿಗೆ ಹೋದೆ. ಸಾಹುಕಾರರು ಹಾರ ಹಾಕಿ, ಕೈ ಮುಗಿದು ಹೋಗಿದ್ದರು. ಅವನೊಬ್ಬನೇ ಕಿಟಕಿಯ ಪಕ್ಕ ಕೂತಿದ್ದ. ನಾನು ಕಳಿಸಿಕೊಡಲು ಹೋದವನಲ್ಲ, ಕೇಳಲು ಹೋದವನು. ಅವನು ಏನು ಹೇಳುತ್ತಾನೆ ಎಂಬುದೂ ನನಗೆ ಗೊತ್ತಿತ್ತು. ಕತ್ತಲಿತ್ತು, ಕಾಣಲಿಲ್ಲ ಎನ್ನುತ್ತಾನೆ. ಅದಕ್ಕೆ ಏನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

"ಅವತ್ತು ನಾನು ಎಡಕ್ಕ ಒಬ್ಬನ ನಿಂತಿದ್ನಿ. ನೋಡಿದ್ದಿಲ್ಲೇನ್ರಿ ನೀವು?"

"ನೋಡಿನಿ" ಎಂದ. "ಎಡಕ್ಕ. ಖಾಲಿ. ಛಲೋ ಜಾಗಾ."

"ಮತ್ಯಾಕ ಕೊಡಲಿಲ್ರಿ?"

"ಕೊಟ್ಟರ ಗೋಲ್ ನಿಂದು. ಮದ್ರಾಸ್ ನಿಂದು." ಅವನು ತನ್ನ ಎದೆ ಮುಟ್ಟಿಕೊಂಡ. "ನಾನು ಎಲ್ಲಿ ಹೋಗಲಿ?"

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಕತ್ತಲಿತ್ತು ಎಂಬ ಸುಳ್ಳಿಗೆ ಆಗುವಂಥದ್ದು, ಈ ಮಾತಿಗಲ್ಲ. ಗಾರ್ಡು ಸೀಟಿ ಊದಿದ. ಅವನು ಕಿಟಕಿಯಿಂದ ಬಗ್ಗಿ ಕೇಳಿದ.

"ನೀನು ಅಲ್ಲಿ, ನಾನು ಎಡಕ್ಕ. ನೀನು ಕೊಡ್ತಿದ್ದೇನು?"

ನಾನು ಅವನ ಮುಖ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಆ ಮಳೆಗಾಲವಿಡೀ ಅವನು ನನ್ನ ಉತ್ತರಕ್ಕೆ ಕಾದದ್ದು ಅದೊಂದೇ ಸಲ.

"ಇಲ್ಲ" ಎಂದೆ.

ಲೆಕ್ಕ ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಅವನು ಒಳಗೆ ಸರಿದ. ಗಾಡಿ ಬಿಟ್ಟಿತು. ಅವನು ಒಂದು ಸುಳ್ಳು ಹೇಳಿದ್ದರೆ ಅಲ್ಲೇ ಬಾಯಿಗೆ ಬಂದಂತೆ ಬೈದು, ಉಗಿದು, ಮನೆಗೆ ಬಂದು ಮಲಗಿ, ಮರೆತು ಬದುಕುತ್ತಿದ್ದೆ. ತಾನೂ ನಿಜ ಹೇಳಿ, ನನ್ನ ಬಾಯಿಂದಲೂ ನಿಜ ಹೇಳಿಸಿಬಿಟ್ಟ ಆ ಹಂಗೇರಿಯವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.